ಮುಟ್ಟದೆ ಅಚ್ಚು ಹಾಕಿದ ಕತೆ

ಹೋದ ತಿಂಗಳು ಒಂದು ಕಾಗದ ಬಂತು. ಬರೆದವರು ಹಳ್ಳಿಯೊಂದರ ಪ್ರಾಥಮಿಕ ಶಾಲೆ ಮೇಷ್ಟ್ರು. ಅವರು ಕಳಿಸಿದ್ದ ಕತೆಯನ್ನು ಈ ಪತ್ರಿಕೆ ಹಾಕಿರಲಿಲ್ಲ. ಕಾಗದದ ತುಂಬ ಸಿಟ್ಟು. ದೊಡ್ಡ ಪತ್ರಿಕೆಗಳು ನಮ್ಮ ಊರು ಕೇರಿ ನೋಡಿ ಕಸದ ಬುಟ್ಟಿಗೆ ಎಸೀತಾವೆ, ಅದು ಹಳೇ ಮಾತು. ನೀವೂ ಹಂಗೇ ಮಾಡಿದರೆ ನಾವು ಎಲ್ಲಿಗೆ ಹೋಗಬೇಕು, ನನ್ನವ್ವನ ನೋವು ನಿಮಗೂ ಸುಳ್ಳಾಗಿ ಕಾಣ್ತಾ ಅಂತ ಕೇಳಿದ್ದರು.

ಪತ್ರಿಕೆಗೆ ಬಂದ ಬರಹಗಳನ್ನು ಓದಿ ಆರಿಸುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಿದ್ದಿದೆ. ಸಂಬಳದ ಕೆಲಸ ಅಲ್ಲ, ಬೈಸಿಕೊಳ್ಳುವ ಕೆಲಸ. ಈ ಮೇಷ್ಟ್ರಿಗೆ ನಾಲ್ಕು ಸಾಲು ಉತ್ತರ ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಹತ್ತಾರು ಗೆಳೆಯರು ಕೇಳಿದ್ದಾರೆ. ಅವರ ನೋವು ಸುಳ್ಳಲ್ಲ. ಸುಳ್ಳಾಗಿದ್ದದ್ದು ಕತೆ. ಇವೆರಡನ್ನೂ ಬಿಡಿಸಿ ಹೇಳುವುದೇ ನಮ್ಮೊಳಗೆ ದ್ರೋಹ ಅನ್ನುವಂತಾಗಿದೆ. ಅದು ಹೇಗಾಯ್ತು ಅನ್ನೋದಕ್ಕೆ ನನ್ನದೇ ಮೊದಲ ಕತೆಯ ಕತೆ ಹೇಳಬೇಕು.

ಆಗ ನಾನು ಟಿ.ಸಿ.ಎಚ್. ಓದುತ್ತಿದ್ದ ಹುಡುಗ. ನಮ್ಮಪ್ಪ ಗೌಡರ ಮನೆಯಲ್ಲಿ ಜೀತಕ್ಕಿದ್ದವನು. ಒಂದು ಯುಗಾದಿ ದಿನ ಎತ್ತಿನ ಕಾಲಿಗೆ ಪೆಟ್ಟಾಯ್ತು ಅಂತ ಗೌಡ ಅಪ್ಪನಿಗೆ ಬಾರುಕೋಲಿನಲ್ಲಿ ಹೊಡೆದಿದ್ದ. ಅದನ್ನು ಕತೆ ಮಾಡಿದೆ. ಕೊನೆಯಲ್ಲಿ ಮಗ ಕೊಡಲಿ ಹಿಡಿದು ಗೌಡನ ಮನೆ ಕಡೆ ನಡೆಯುತ್ತಾನೆ, ಪೂರ್ವದಲ್ಲಿ ಕೆಂಪು ಸೂರ್ಯ ಹುಟ್ಟುತ್ತಾನೆ. (ಆ ಕಾಲದಲ್ಲಿ ನಮ್ಮೆಲ್ಲರ ಕತೆಗಳಲ್ಲೂ ಸೂರ್ಯ ಕೊನೇ ಪ್ಯಾರಾದಲ್ಲೇ ಹುಟ್ಟುತ್ತಿದ್ದ.) ಹೆಸರಾಂತ ಪತ್ರಿಕೆಯೊಂದಕ್ಕೆ ಕಳಿಸಿದೆ. ಹಾಕಿಯೇಬಿಟ್ಟರು! ಸಂಪಾದಕರು ಒಂದು ಕಾರ್ಡೂ ಬರೆದರು. ನಿಮ್ಮ ಮಣ್ಣಿನ ವಾಸನೆ ಕೆಡಬಾರದೆಂದು ಒಂದಕ್ಷರವನ್ನೂ ಮುಟ್ಟಿಲ್ಲ ಅಂತ. ಆ ಕಾರ್ಡನ್ನು ಹಾಸ್ಟೆಲಿನಲ್ಲಿ ಎಷ್ಟು ಜನಕ್ಕೆ ತೋರಿಸಿದೆನೋ ಲೆಕ್ಕವಿಲ್ಲ.

ಪತ್ರಿಕೆ ಕೈಗೆ ಬಂದ ಮೇಲೆ ನೋಡುತ್ತೇನೆ, ಶುದ್ಧಪ್ರತಿ ಮಾಡುವಾಗ ನಾನು ತಪ್ಪಿ ಒಂದು ಪ್ಯಾರಾವನ್ನು ಎರಡು ಸಲ ಬರೆದಿದ್ದೆ. ಅದು ಎರಡು ಸಲವೂ ಅಚ್ಚಾಗಿತ್ತು. ಅಂದರೆ ನನ್ನ ಕತೆಯನ್ನು ಯಾರೂ ಮುಟ್ಟಿರಲಿಲ್ಲ ಅನ್ನೋದು ನಿಜ. ಯಾರೂ ಓದಿಯೂ ಇರಲಿಲ್ಲ.

ಊರಿಗೆ ಹೋದಾಗ ಮಾರಿಗುಡಿ ಜಗಲಿ ಮೇಲೆ ಕೂತು ಅದನ್ನು ಓದಿ ಹೇಳಿದೆ. ಅಪ್ಪನೂ ಇದ್ದ. ಎಲ್ಲ ಕೇಳಿ ಆದ ಮೇಲೆ ಪಕ್ಕದ ಮನೆ ಅಜ್ಜಿ ಕೇಳಿದಳು: 'ಅಲ್ಲ ಕಣ್ ಮಗ, ಉಗಾದಿ ದಿನ ರಾಗಿ ಪೈರು ಎದೆಮಟ್ಟ ನಿಂತಿತ್ತು ಅಂತೀಯಲ್ಲ, ಯಾವೂರ್ ರಾಗಿ ಅದು?' ಸುತ್ತ ಕೂತವರೆಲ್ಲ ನಕ್ಕರು. ಮುಂಗಾರಿನಲ್ಲಿ ಬಿತ್ತಿ ಕಾರ್ತೀಕ ಕಳೆದ ಮೇಲೆ ಕೊಯ್ಯುವ ರಾಗಿ ಯುಗಾದಿಗೆ ಹೊಲದಲ್ಲಿ ಎಲ್ಲಿರುತ್ತೆ? ಯುಗಾದಿ ಅಂದರೆ ಬಯಲು ಹೊಲದಲ್ಲಿ ಹೊನ್ನಾರು ಹೂಡುವ ದಿನ. ಜೀತಗಾರನ ಮಗ ನಾನು, ನನಗೇ ಅದು ಹೊಳೆದಿರಲಿಲ್ಲ. ಪುಸ್ತಕದಲ್ಲಿ ಓದಿದ್ದ ಯಾರದೋ ಹಸಿರು ಹೊಲವನ್ನು ತಂದು ನಮ್ಮೂರಲ್ಲಿ ನೆಟ್ಟಿದ್ದೆ.

ಅಪ್ಪ ನಗಲಿಲ್ಲ. ಬೀಡಿ ಹಚ್ಚಿಕೊಂಡು ಅವನು ಕೇಳಿದ್ದು ಬೇರೆ. 'ಹೊಡೆದದ್ದು ದಿಟ. ಆಮ್ಯಾಕೆ ಅವನೇ ಬೆನ್ನಿಗೆ ಹಚ್ಚಕೆ ಅಂತ ಎಳ್ಳೆಣ್ಣೆ ಕಳಿಸ್ದ. ಅದ್ಯಾಕ್ ಬರೀನಿಲ್ಲ?' ಗೌಡನನ್ನು ಒಳ್ಳೆಯವನು ಅಂತ ತೋರಿಸಬೇಕಾ ಅಂತ ನಾನು ರೇಗಿದೆ. ಅಪ್ಪ ಹೇಳಿದ: 'ಒಳ್ಳೇವ್ನು ಅಂತ ನಾನೆಲ್ಲಂದೆ? ಆ ಎಣ್ಣೆ ದುಡ್ಡೂವೆ ಜೀತದ್ ಲೆಕ್ಕಕ್ಕೆ ಬರ್ಕೊಂಡ.'

ಗೆಳೆಯರೇ, ನನ್ನ ಇಡೀ ಕತೆಯಲ್ಲಿ ಇಲ್ಲದ ಕತೆ ಆ ಒಂದು ಮಾತಿನಲ್ಲಿತ್ತು. ಹೊಡೆತದ ಮದ್ದಿಗೂ ಹೊಡೆಸಿಕೊಂಡವನೇ ಸಾಲಗಾರ. ನನ್ನ ಕೊಡಲಿ, ನನ್ನ ಕೆಂಪು ಸೂರ್ಯ ಎರಡೂ ಸೇರಿ ಆ ಎಣ್ಣೆ ಕುಡಿಕೆಯ ಮುಂದೆ ನಿಲ್ಲುವುದಿಲ್ಲ. ಸಂಪಾದಕ ಅನ್ನಿಸಿಕೊಂಡವನು ಕತೆಯನ್ನು ಮುಟ್ಟಿದ್ದರೆ, 'ಹೊಡೆದ ಮೇಲೆ ಏನಾಯ್ತು?' ಅಂತ ಒಂದು ಪ್ರಶ್ನೆಯನ್ನು ಅಂಚಿನಲ್ಲಿ ಗೀಚಿ ವಾಪಸು ಕಳಿಸಿದ್ದರೆ, ಅವತ್ತೇ ನಾನು ಅಪ್ಪನ ಹತ್ತಿರ ಹೋಗಿ ಕೂರುತ್ತಿದ್ದೆ.

ನಮ್ಮ ಬರಹಕ್ಕೆ ಎರಡು ತರದ ಅಸ್ಪೃಶ್ಯತೆ ಉಂಟು. ಒಂದು ಎಲ್ಲರಿಗೂ ಗೊತ್ತಿರುವುದು. ಧರ್ಮಸ್ಥಳದಲ್ಲಿ 1979ರಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂದಾಗ ಇಲ್ಲ ಅಂದರಲ್ಲ, ಅದು. ಬಾಗಿಲಲ್ಲೇ ತಡೆಯುವುದು. ಅದಕ್ಕೆ ಉತ್ತರವಾಗಿ ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳ ಸಮ್ಮೇಳನವೇ ಸೇರಿತು. ಎರಡನೆಯದು ಇದಕ್ಕಿಂತ ನಯವಾದ್ದು. ಬಾಗಿಲು ತೆಗೆದು, ನಡುಮನೆಗೆ ಕರೆದು, ಕುರ್ಚಿ ಹಾಕಿ, 'ಇವರದು ಹಸಿಹಸಿ ಅನುಭವ, ಇದನ್ನು ವಿಮರ್ಶೆಯ ತಕ್ಕಡಿಯಲ್ಲಿ ತೂಗಬಾರದು' ಅನ್ನುವುದು. ಕೇಳಲಿಕ್ಕೆ ಎಷ್ಟು ಹಿತ! ಆದರೆ ತೂಗದ ಮಾಲಿಗೆ ಸಂತೆಯಲ್ಲಿ ಏನು ಬೆಲೆ? ಮೊದಲನೆಯವನು ನನ್ನನ್ನು ಮುಟ್ಟುವುದಿಲ್ಲ, ಎರಡನೆಯವನು ನನ್ನ ಅಕ್ಷರವನ್ನು ಮುಟ್ಟುವುದಿಲ್ಲ. ಮೊದಲನೆಯವನ ಮೇಲೆ ಹೋರಾಟ ಮಾಡಬಹುದು. ಎರಡನೆಯವನಿಗೆ ನಾವೇ ಹಾರ ಹಾಕಿ ಬರುತ್ತೇವೆ.

ಈ ಮಾತು ಹೇಳಿದರೆ ಥಟ್ಟನೆ ಒಂದು ಉತ್ತರ ಬರುತ್ತೆ. ಬಾಬಾಸಾಹೇಬರು ತಮ್ಮ ಬರಹದಲ್ಲಿ ಒಂದು ಅಲ್ಪವಿರಾಮವನ್ನೂ ಬದಲಾಯಿಸಲು ಒಪ್ಪಲಿಲ್ಲ, ನಾವ್ಯಾಕೆ ಒಪ್ಪಬೇಕು ಅಂತ. ಸರಿಯಾದ ಪ್ರಶ್ನೆ. ಆದರೆ ಆ ಪ್ರಸಂಗವನ್ನು ಪೂರ್ತಿ ನೋಡಬೇಕು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲದವರು 1936ರ ತಮ್ಮ ಸಮ್ಮೇಳನಕ್ಕೆ ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದರು. ಭಾಷಣದ ಅಚ್ಚಾದ ಪ್ರತಿ ನೋಡಿ ಹೆದರಿದರು. ವೇದಗಳ ಮಾತು, ಹಿಂದೂ ಧರ್ಮ ಬಿಡುವ ಮಾತು ತೆಗೆಯಿರಿ ಅಂದರು. ಅಂಬೇಡ್ಕರರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಅವರು ಅದನ್ನು ಸ್ವಂತ ಖರ್ಚಿನಲ್ಲಿ 1,500 ಪ್ರತಿ ಹೊರತಂದರು, ಎರಡೇ ತಿಂಗಳಲ್ಲಿ ಖರ್ಚಾದವು. ಮಂಡಲದವರ ಕಾಗದಗಳನ್ನೂ ತಮ್ಮ ಉತ್ತರಗಳನ್ನೂ ಪುಸ್ತಕದ ಮುಂದೆಯೇ ಸೇರಿಸಿಬಿಟ್ಟರು. ತಿರಸ್ಕಾರವನ್ನೂ ಸಾಕ್ಷಿಯಾಗಿ ಬಳಸಿಕೊಳ್ಳುವುದು ಹೇಗೆ ಅಂತ ಕಲಿಯಬೇಕಾದರೆ ಅದನ್ನು ನೋಡಿ.

ಇಷ್ಟು ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಎರಡನೇ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ, ಇದನ್ನು ಭಾಷಣದ ರೂಪದಿಂದ ನೇರ ನಿರೂಪಣೆಗೆ ಬದಲಾಯಿಸಿ ಅಂತ ಕೆಲವರು ಕೇಳಿದ್ದನ್ನು ಅವರು ಹೇಳುತ್ತಾರೆ. ಯಾಕೆ ಬದಲಾಯಿಸಲಿಲ್ಲ ಅನ್ನೋದಕ್ಕೆ ಕಾರಣವನ್ನೂ ಕೊಡುತ್ತಾರೆ: ಚರಿತ್ರೆಯ ದೃಷ್ಟಿ ಒಂದು, ಮಾತು ನಾಟುವ ದೃಷ್ಟಿ ಇನ್ನೊಂದು. ರೂಪದ ಬಗ್ಗೆ ಅವರಿಗೆ ಖಚಿತವಾದ ಯೋಚನೆ ಇತ್ತು ಅಂತಾಯ್ತು. ಇನ್ನು 1944ರ ಮೂರನೇ ಮುದ್ರಣಕ್ಕೆ ಬಂದರೆ, ತಮ್ಮ 1917ರ ಜಾತಿ ಕುರಿತ ಪ್ರಬಂಧವನ್ನೂ ಒಳಗೆ ಸೇರಿಸಿ ಇಡೀ ಬರಹವನ್ನೇ ಮತ್ತೆ ಕಟ್ಟಬೇಕು ಅಂತಿದ್ದೆ, ಪುರಸೊತ್ತು ಸಿಗಲಿಲ್ಲ ಅಂತ ಬರೆಯುತ್ತಾರೆ. ಯಾರು ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡಲಿಲ್ಲವೋ ಅದೇ ಮನುಷ್ಯ ಎಂಟು ವರ್ಷವಾದರೂ ತನ್ನ ಬರಹ ಮುಗಿಯಿತು ಅಂತ ಅಂದುಕೊಂಡಿರಲಿಲ್ಲ! ಲಾಹೋರಿನವರು ಕೇಳಿದ್ದು ಸತ್ಯವನ್ನು ಕಡಿಮೆ ಮಾಡಿ ಅಂತ. ಅವರು ತಮಗೆ ತಾವೇ ಕೇಳಿಕೊಂಡದ್ದು ಅದನ್ನು ಇನ್ನೂ ಗಟ್ಟಿ ಮಾಡಬೇಕು ಅಂತ. ಸಂಪಾದಕ ತಿದ್ದಿ ಕಳಿಸಿದಾಗ ನಾವು ನೋಡಬೇಕಾದ್ದೂ ಇಷ್ಟೇ. ಇದರಿಂದ ನನ್ನ ಸತ್ಯ ಸಣ್ಣದಾಗುತ್ತೋ, ದೊಡ್ಡದಾಗುತ್ತೋ? ಗೌಡನ ಜಾತಿ ಹೆಸರು ತೆಗೆಯಿರಿ ಅಂದರೆ ಕಾಗದ ಹರಿದುಹಾಕಿ. ಗೌಡನ ಮನೆ ಜಗಲಿ ಯಾವ ಕಡೆಗಿತ್ತು ಅಂತ ಕೇಳಿದರೆ ಎದ್ದು ಹೋಗಿ ನೋಡಿಕೊಂಡು ಬನ್ನಿ.

ಈಗ ನಮ್ಮ ಕಡತಕ್ಕೆ ಬರೋಣ. ಬರುವ ಕತೆಗಳನ್ನು ಓದಿ ಓದಿ ನನಗೆ ಅನ್ನಿಸಿರುವುದೇನೆಂದರೆ, ಎಲ್ಲಾ ಜಿಲ್ಲೆಯ ಗೌಡರಿಗೂ ಒಂದೇ ಮೀಸೆ. ಒಂದೇ ಹಲ್ಲು ಕಡಿತ. ಬಾಯಿ ತೆಗೆದರೆ ಒಂದೇ ಬೈಗುಳ. ನಮ್ಮನ್ನು ನಿಜವಾಗಿ ಹಾಳು ಮಾಡಿದವನು ಎಷ್ಟೋ ಸಲ ಮೀಸೆ ಇಲ್ಲದ, ಮೆತ್ತಗೆ ಮಾತಾಡುವ, 'ಏನಪ್ಪಾ ಚೆನ್ನಾಗಿದ್ದೀಯಾ' ಅನ್ನುವ ಮನುಷ್ಯ. ಅವನು ನಮ್ಮ ಕತೆಗಳಲ್ಲಿ ಬರುವುದೇ ಇಲ್ಲ. ಯಾಕೆಂದರೆ ಅವನನ್ನು ಬರೆಯಲು ಅವನನ್ನು ನೋಡಬೇಕು. ಮೀಸೆ ಗೌಡನನ್ನು ಬರೆಯಲು ಸಿನಿಮಾ ನೋಡಿದರೆ ಸಾಕು. ಕವಿತೆಗಳ ಕತೆಯೂ ಅಷ್ಟೇ. ಬೆಂಕಿ, ನೆತ್ತರು, ಜ್ವಾಲಾಮುಖಿ. ನಮ್ಮ ಮೈಸೂರು ಸೀಮೆಯ ಹುಡುಗ ಜ್ವಾಲಾಮುಖಿಯನ್ನು ಎಲ್ಲಿ ನೋಡಿದ್ದಾನೆ? ಸುಣ್ಣದ ಗೂಡಿನ ಬೆಂಕಿ ನೋಡಿದ್ದಾನೆ, ಅದು ಯಾವ ಕವಿತೆಯಲ್ಲೂ ಇಲ್ಲ. ಬಸವಲಿಂಗಪ್ಪನವರು 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದು ಮಂತ್ರಿಗಿರಿಯನ್ನೇ ಕಳೆದುಕೊಂಡರು. ನಾವು ಅವರ ಪರ ಬೀದಿಗಿಳಿದವರು. ಹಾಗಾದರೆ ನಮ್ಮ ಮೂಟೆಯನ್ನೂ ಬಿಚ್ಚಿ ಅದರಲ್ಲಿ ಎಷ್ಟು ಬೂಸಾ ಇದೆ ಅಂತ ನೋಡುವ ಧೈರ್ಯವೂ ನಮಗಿರಬೇಕಲ್ಲ.

ಬೈಗುಳ ಬೇಡ ಅಂತಲ್ಲ. ಸಿಟ್ಟು ಬೇಡ ಅಂತ ಹೇಳಲು ನಾನು ಯಾವ ನವ್ಯ ವಿಮರ್ಶಕನೂ ಅಲ್ಲ. ಸಿಟ್ಟು ಎಲ್ಲಿ ಇರಬೇಕು ಅನ್ನೋದು ಪ್ರಶ್ನೆ. ಸಿದ್ಧಲಿಂಗಯ್ಯನವರ 'ಊರುಕೇರಿ' ತೆಗೆದು ನೋಡಿ. 1975ರ 'ಹೊಲೆಮಾದಿಗರ ಹಾಡು' ಬರೆದು ಸಾವಿರಾರು ಜನರ ಬಾಯಲ್ಲಿ ಹಾಡಾದ ಕವಿ, ತನ್ನ ಬಾಲ್ಯ ಬರೆಯಲು ಕೂತಾಗ ಆರಂಭದಲ್ಲೇ ಒಂದು ನೋಟ ಇಡುತ್ತಾರೆ. ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗ ಹೊತ್ತಿದ್ದಾರೆ, ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ಆ ಇಬ್ಬರಲ್ಲಿ ಒಬ್ಬ ಇವರ ಅಪ್ಪ. ಅಲ್ಲಿ ಭಾಷಣ ಇಲ್ಲ. ಭಾಷಣ ಓದುವವನ ಹೊಟ್ಟೆಯಲ್ಲಿ ಶುರುವಾಗುತ್ತೆ. ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಒಂದು ಮನೆಯವರೆಲ್ಲ ರಾತ್ರಿ ಕೂತು ತಿನ್ನುವ ಭಾಗ ಇದೆಯಲ್ಲ, ಅದನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೇನೆ. ಮಕ್ಕಳ ಬಾಯಲ್ಲಿ ನೀರೂರುತ್ತೆ. ಹಸಿವು ಅನ್ನುವ ಪದವನ್ನು ಹತ್ತು ಸಲ ಬರೆದರೂ ಆಗದ್ದು ಅಲ್ಲಿ ಆಗುತ್ತೆ, ಯಾಕೆಂದರೆ ಅವರು ಹಸಿವನ್ನು ಬರೆಯದೆ ತಿನ್ನುವ ಸಂಭ್ರಮವನ್ನು ಬರೆದರು. ನಮ್ಮ ಹೊಸ ಲೇಖಕರು ಹಟ್ಟಿಯಲ್ಲಿ ಯಾರನ್ನೂ ನಗಲು ಬಿಡುವುದಿಲ್ಲ. ನಮ್ಮವ್ವಂದಿರು ನಕ್ಕಷ್ಟು ಯಾರು ನಕ್ಕಿದ್ದಾರೆ ಹೇಳಿ?

ಭಾಷೆಯ ವಿಚಾರ ಇನ್ನೂ ಸೂಕ್ಷ್ಮ. 'ಕುಸುಮಬಾಲೆ' ಬಂದಾಗ ಇದನ್ನು ಮೊದಲು ಕನ್ನಡಕ್ಕೆ ಅನುವಾದ ಮಾಡಬೇಕು ಅಂತ ತಮಾಷೆ ಮಾಡಿದವರಿದ್ದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಾದ ಮೇಲೆ ಆಡುಮಾತಿನಲ್ಲಿ ಬರೆದರೆ ಸಾಕು, ಸಾಹಿತ್ಯ ಆಯ್ತು ಅನ್ನುವ ಒಂದು ಭ್ರಮೆಯೂ ಬಂತು. ನಮಗೆ ಬರುವ ಹೆಚ್ಚಿನ ಕತೆಗಳಲ್ಲಿ ಕತೆಗಾರ ಪೇಟೆ ಕನ್ನಡದಲ್ಲಿ ಮಾತಾಡುತ್ತಾನೆ, ಪಾತ್ರಗಳು ಮಾತ್ರ ಹಟ್ಟಿ ಮಾತಾಡುತ್ತವೆ. ಮೇಲಿಂದ ಇಳಿದು ಬಂದ ಅಧಿಕಾರಿ ಊರವರ ಹೇಳಿಕೆ ಬರೆದುಕೊಂಡ ಹಾಗೆ. 'ಕುಸುಮಬಾಲೆ'ಯಲ್ಲಿ ಹಾಗಿಲ್ಲ, ಕತೆ ಹೇಳುವ ದನಿಯೇ ಆ ನೆಲದ ಮಾತು. ಶಿಷ್ಟ ಕನ್ನಡದಲ್ಲೇ ಬರೆಯಿರಿ, ತಪ್ಪಿಲ್ಲ. ಎರಡನ್ನೂ ಬೆರೆಸಿ, ಅದೂ ತಪ್ಪಿಲ್ಲ. ಆದರೆ ಯಾರು ಯಾವ ಮಾತು ಯಾಕೆ ಆಡುತ್ತಿದ್ದಾರೆ ಅಂತ ನಿಮಗೆ ಗೊತ್ತಿರಬೇಕು. ಒಬ್ಬಳೇ ಮುದುಕಿ ಮೊದಲ ಸಾಲಿನಲ್ಲಿ 'ಆಲು' ಅಂದು ಮೂರನೇ ಸಾಲಿನಲ್ಲಿ 'ಹಾಲು' ಅಂದರೆ ಅದು ಮಣ್ಣಿನ ವಾಸನೆಯಲ್ಲ, ಕೈತಪ್ಪು. ಅಕಾರ ಹಕಾರಕ್ಕೆ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತವರು ನಾವು. ಹಾಗಾಗಿ ಯಾರಾದರೂ ಕಾಗುಣಿತ ತಿದ್ದಿದರೆ ಮೈ ಉರಿಯುತ್ತೆ, ನನಗೂ ಉರಿಯುತ್ತೆ. ಆದರೆ ಬೇಕಂತಲೇ ಬಿಟ್ಟ ಹಕಾರಕ್ಕೂ ಗೊತ್ತಿಲ್ಲದೆ ಬಿಟ್ಟ ಹಕಾರಕ್ಕೂ ಇರುವ ವ್ಯತ್ಯಾಸ ಓದುಗನಿಗೆ ಒಂದೇ ಪುಟದಲ್ಲಿ ತಿಳಿದುಬಿಡುತ್ತೆ.

ಇದಕ್ಕೆಲ್ಲ ಮದ್ದು ಯಾವ ಕಮ್ಮಟದಲ್ಲೂ ಇಲ್ಲ. ನಮ್ಮ ಕಡೆ ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಮಾಡುವುದನ್ನು ನೋಡಿದ್ದೀರಲ್ಲ. ಪಕ್ಕದಲ್ಲಿ ದನಿಗೂಡಿಸುವವರು, ಎದುರಿಗೆ ಹೂಂಗುಟ್ಟುವವರು ಇರಬೇಕು. ಹೂಂ ಅನ್ನೋದು ನಿಂತರೆ ಕತೆ ಹೇಳುವವನಿಗೆ ಗೊತ್ತಾಗುತ್ತೆ, ಕೇಳುವವರು ತೂಕಡಿಸುತ್ತಿದ್ದಾರೆ ಅಂತ. ತಕ್ಷಣ ದಾರಿ ಬದಲಾಯಿಸುತ್ತಾನೆ. ನಾವು ಬಾಗಿಲು ಹಾಕಿಕೊಂಡು ಬರೆದು, ನಕಲು ಮಾಡಿ, ಕಳಿಸಿಬಿಡುತ್ತೇವೆ. ಹೂಂಗುಟ್ಟುವವರೇ ಇಲ್ಲ. ಕತೆ ಕಳಿಸುವ ಮೊದಲು ಯಾರ ಬದುಕನ್ನು ಬರೆದಿದ್ದೀರೋ ಅವರ ಮುಂದೆ ಗಟ್ಟಿಯಾಗಿ ಓದಿ. ಕೂಲಿ ಯಾವ ಸೇರಿನಲ್ಲಿ ಅಳೆಯುತ್ತಿದ್ದರು, ಸತ್ತ ದನ ಎಳೆಯಲು ಎಷ್ಟು ಜನ ಬೇಕು, ಇದರಲ್ಲಿ ತಪ್ಪಿದರೆ ಅವರು ಬಿಡುವುದಿಲ್ಲ. ಓದಿ ಹೇಳಲು ನಾಚಿಕೆಯಾಗುವ ವಾಕ್ಯ ಯಾವುದೋ ಅದನ್ನು ಹೊಡೆದುಹಾಕಿ. ನನ್ನ ಅನುಭವದಲ್ಲಿ ಅದು ಹೆಚ್ಚಾಗಿ ಕತೆಯ ಮೊದಲ ಪ್ಯಾರಾ ಮತ್ತು ಕೊನೇ ಪ್ಯಾರಾ ಆಗಿರುತ್ತೆ. ಆಮೇಲೆ ಒಂದು ತಿಂಗಳು ಪೆಟ್ಟಿಗೆಯಲ್ಲಿಡಿ. ಹೆಂಗಸರಿಗೆ ಈ ಮಾತು ಹೇಳಲು ನನಗೆ ಸಂಕೋಚ, ಯಾಕೆಂದರೆ ಅವರ ಬರಹ ಒಲೆ, ನೀರು, ಮಗು ಮುಗಿಯುವವರೆಗೆ ಹೇಗೂ ಪೆಟ್ಟಿಗೆಯಲ್ಲೇ ಇರುತ್ತೆ. ಅವರ ಹೂಂಗುಟ್ಟುವವರನ್ನು ಮನೆಯಲ್ಲಿ ಹುಡುಕಬಾರದು ಅಂತ ಮಾತ್ರ ಹೇಳಬಲ್ಲೆ. ಸಂಘಟನೆಯ ಗೆಳತಿಯರಲ್ಲಿ ಹುಡುಕಲಿ.

ಕಳಿಸುವ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಕಳಿಸುವ ಪತ್ರಿಕೆಯ ನಾಲ್ಕು ಸಂಚಿಕೆಯನ್ನಾದರೂ ಮೊದಲು ಓದಿ. ಒಂದೇ ಕತೆಯನ್ನು ಐದು ಕಡೆಗೆ ಒಟ್ಟಿಗೆ ಕಳಿಸಬೇಡಿ, ಎರಡು ಕಡೆ ಬಂದುಬಿಟ್ಟರೆ ಮೂರನೆಯವರು ನಿಮ್ಮನ್ನು ನಂಬುವುದಿಲ್ಲ. ಪ್ರತಿ ಇಟ್ಟುಕೊಳ್ಳದೆ ಇರುವ ಒಂದನ್ನೂ ಕಳಿಸಬೇಡಿ. ಈಗ ಬಹಳ ಜನ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಟೈಪು ಮಾಡುತ್ತಾರೆ. ಯುನಿಕೋಡಿನಲ್ಲೇ ಮಾಡಿ. ಹಳೇ ಫಾಂಟಿನಲ್ಲಿ ಮಾಡಿದ್ದನ್ನು ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹಾರಿಹೋಗಿ ಬೇರೆಯೇ ಭಾಷೆಯಾಗಿ ನಮ್ಮ ಕೈಗೆ ಬರುತ್ತೆ. ಎರಡು ಮೂರು ತಿಂಗಳು ಉತ್ತರ ಬರದಿದ್ದರೆ ಒಂದು ಸಲ ವಿಚಾರಿಸಿ, ಬೈಯದೆ. ಮೂರು ಸಲ ವಾಪಸು ಬಂದರೂ ನಾಲ್ಕನೇ ಸಲ ಕಳಿಸಿ. ಆದರೆ ನಾಲ್ಕನೇ ಸಲ ಹೋಗುವುದು ಮೊದಲನೇ ಸಲ ಹೋದದ್ದೇ ಆಗಿರಬಾರದು.

ಪುಸ್ತಕದ ಆತುರ ಮಾತ್ರ ಒಂದು ರೋಗವಾಗಿದೆ. ಎಂಟು ಕವಿತೆ ಅಚ್ಚಾದ ಕೂಡಲೇ ಸಂಕಲನ. ಅದಕ್ಕೊಂದು ಮುನ್ನುಡಿ, ಬೆನ್ನುಡಿ, ಬಿಡುಗಡೆ, ಶಾಲು, ಹಣ್ಣಿನ ಬುಟ್ಟಿ. ಮುನ್ನುಡಿ ಬರೆಯುವ ಹಿರಿಯರು 'ಭರವಸೆಯ ದಲಿತ ಕವಿ' ಅಂತ ಬರೆದುಕೊಡುತ್ತಾರೆ. ಇಪ್ಪತ್ತು ವರ್ಷವಾದರೂ ಭರವಸೆಯಾಗಿಯೇ ಉಳಿದಿರುವ ಗೆಳೆಯರು ನನಗೆ ಗೊತ್ತು. ಆ ಮುನ್ನುಡಿಯಲ್ಲಿ ಒಂದು ಕವಿತೆಯಾದರೂ ಯಾಕೆ ಸೋತಿದೆ ಅಂತ ಬರೆದಿದ್ದರೆ ಆ ಹಿರಿಯರು ಪುಸ್ತಕ ಓದಿದ್ದಾರೆ ಅಂತ ತಿಳಿಯಿರಿ. ಇನ್ನು ದುಡ್ಡು ತಗೊಂಡು ಅಚ್ಚು ಹಾಕಿಕೊಡುವವರ ಕಾಟ. ಒಬ್ಬ ಗೆಳೆಯ ಹೆಂಡತಿಯ ಓಲೆ ಅಡವಿಟ್ಟು ಐನೂರು ಪ್ರತಿ ಹಾಕಿಸಿದ. ಬಿಡುಗಡೆ ದಿನ ಐವತ್ತು ಹಂಚಿದ್ದು ಬಿಟ್ಟರೆ ಉಳಿದವು ಮಂಚದ ಕೆಳಗೆ. ಗೆದ್ದಲು ಕೂಡ ಭರವಸೆಯಿಂದ ಓದುತ್ತಿದೆ ಅಂತ ಅವನೇ ನಗುತ್ತಾನೆ. ಐಎಸ್‌ಬಿಎನ್ ಕೊಡಿಸಲು ಇಷ್ಟು ಅಂತ ಬಿಲ್ಲು ಹಾಕುವವರಿದ್ದಾರೆ. ನಮ್ಮ ದೇಶದಲ್ಲಿ ಸರ್ಕಾರದ ಸಂಸ್ಥೆ ಅದನ್ನು ಪುಕ್ಕಟೆಯಾಗಿ ಕೊಡುತ್ತೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಅರ್ಜಿ ಕರೆಯುತ್ತೆ, ಓಲೆಗೆ ಕೈ ಹಾಕುವ ಮೊದಲು ಅದನ್ನು ನೋಡಿ. ನೀವೇ ಪ್ರಕಾಶಕರಾದರೆ 1954ರ ಕಾಯಿದೆ ಪ್ರಕಾರ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಇದನ್ನು ದಂಡ ಅಂದುಕೊಳ್ಳಬೇಡಿ. ಕೇರಿಯ ಪುಸ್ತಕ ದೇಶದ ಕಪಾಟಿನಲ್ಲಿ ಕೂರುವ ಹಕ್ಕು ಅದು.

ಬೇರೆ ಪ್ರಕಾಶಕರು ಸಿಕ್ಕರೆ ಸಂತೋಷದಲ್ಲಿ ಎಲ್ಲೆಂದರಲ್ಲಿ ರುಜು ಹಾಕಬೇಡಿ. ನಮ್ಮ ಅಪ್ಪಂದಿರು ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡರು, ನಾವು ಓದಿ ಬರೆದು ರುಜು ಹಾಕಿ ಪುಸ್ತಕ ಕಳೆದುಕೊಳ್ಳುತ್ತಿದ್ದೇವೆ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬರೆದ ಗಳಿಗೆಯಿಂದಲೇ ಹಕ್ಕು ನಿಮ್ಮದು, ಎಲ್ಲೂ ನೋಂದಾಯಿಸಬೇಕಿಲ್ಲ. ನಿಮ್ಮ ಕಾಲದ ನಂತರ 60 ವರ್ಷ ಅದು ನಿಮ್ಮ ಮಕ್ಕಳಿಗೆ. ಹಕ್ಕು ವಹಿಸಿಕೊಡಬೇಕಾದರೆ ಬರವಣಿಗೆಯಲ್ಲಿ, ರುಜುವಿನೊಂದಿಗೆ ಆಗಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಪಡೆದವನು ಒಂದು ವರ್ಷದಲ್ಲಿ ಆ ಹಕ್ಕನ್ನು ಬಳಸದೆ ಸುಮ್ಮನೆ ಕೂತರೆ, ಕರಾರಿನಲ್ಲಿ ಬೇರೆ ಬರೆದಿರದಿದ್ದರೆ, ಅದು ಬಿದ್ದುಹೋಗುತ್ತೆ. ಗೌರವಧನ ಎಷ್ಟು ಅಂತ ಕಾಗದದಲ್ಲಿ ಇರಲೇಬೇಕು. 'ನಮ್ಮವರೇ ತಾನೇ, ಕರಾರು ಯಾಕೆ' ಅನ್ನುವವರ ಹತ್ತಿರ ಮೊದಲು ಕರಾರು ಮಾಡಿಕೊಳ್ಳಿ.

ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ, ಇಂಗ್ಲಿಷಿಗೆ ಅನುವಾದ ಮಾಡುವವರು ಯಾರಿದ್ದಾರೆ ಅಂತ ನನ್ನನ್ನು ಕೇಳುವ ಹುಡುಗರು ಜಾಸ್ತಿಯಾಗಿದ್ದಾರೆ. ಬಂಡಾಯದ ಒಡನಾಟದಲ್ಲಿ ಬೆಳೆದ ಹಾಸನದ ಹೆಣ್ಣುಮಗಳು ಅವರು. ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ನಲ್ಲಿ ಇರುವುದು 12 ಕತೆ. ಅವು ಮೂವತ್ತಕ್ಕೂ ಹೆಚ್ಚು ವರ್ಷದ ಬರವಣಿಗೆಯಿಂದ ಆರಿಸಿದ್ದು. ವರ್ಷಕ್ಕೆ ಎಷ್ಟು ಬಿತ್ತು ಅಂತ ನೀವೇ ಭಾಗಾಕಾರ ಮಾಡಿಕೊಳ್ಳಿ.

ಈಗ ನಮ್ಮ ಮೇಷ್ಟ್ರಿಗೆ ಬರುತ್ತೇನೆ. ನಿಮ್ಮ ಕತೆಯನ್ನು ನಾನು ನಾಲ್ಕು ಸಲ ಓದಿದ್ದೇನೆ. ನಿಮ್ಮವ್ವ ಶಾಲೆಯ ಬಿಸಿಯೂಟಕ್ಕೆ ಅಡಿಗೆಯವಳಾಗಿ ಹೋದ ಮೊದಲ ದಿನ, ಊರವರು ಮಕ್ಕಳನ್ನು ಊಟಕ್ಕೆ ಕೂರಿಸದೆ ಎಬ್ಬಿಸಿಕೊಂಡು ಹೋಗುತ್ತಾರೆ. ಇಂಥದ್ದು ನಮ್ಮ ರಾಜ್ಯದಲ್ಲಿ ಒಂದು ಕಡೆ ನಡೆದದ್ದಲ್ಲ. ಆದರೆ ಅಲ್ಲಿಂದ ಮುಂದೆ ಐದು ಪುಟ ನೀವೇ ಮನುವಿನ ಮೇಲೆ ಭಾಷಣ ಮಾಡಿದ್ದೀರಿ. ಭಾಷಣ ಚೆನ್ನಾಗಿದೆ, ಅಂಬೇಡ್ಕರ್ ಜಯಂತಿಯಲ್ಲಿ ಮಾಡಿ, ನಾನೂ ಬಂದು ಚಪ್ಪಾಳೆ ಹೊಡೆಯುತ್ತೇನೆ. ಆ ಐದು ಪುಟದಲ್ಲಿ ಅವ್ವ ಒಂದು ಮಾತೂ ಆಡಿಲ್ಲ. ಕೊನೆಗೆ ಪಂಜಿನ ಮೆರವಣಿಗೆ ಹೊರಡುತ್ತೆ, ಅದರಲ್ಲೂ ಅವ್ವ ಎಲ್ಲಿದ್ದಾಳೆ ಗೊತ್ತಾಗುವುದಿಲ್ಲ. ಊರವರು ಅವಳನ್ನು ಅಡಿಗೆಮನೆಯಿಂದ ಹೊರಗೆ ಹಾಕಿದರು, ನೀವು ಕತೆಯಿಂದಲೇ ಹೊರಗೆ ಹಾಕಿದ್ದೀರಿ.

ಕತೆಯನ್ನು ಅಂಚಿನ ತುಂಬ ಪೆನ್ಸಿಲಿನಲ್ಲಿ ಗೀಚಿ ಈ ಲೇಖನದ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. ಮುಟ್ಟಿದ್ದೇನೆ, ಸಿಟ್ಟಾಗಬೇಡಿ. ಎರಡನೇ ಪುಟದಲ್ಲಿ ಅವ್ವ ಮುಂಜಾನೆ ತಲೆಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಸ್ಕೂಲಿನ ದೊಡ್ಡ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ಬೆಳಗುವ ನಾಲ್ಕು ಸಾಲು ಇದೆ. ಅದಕ್ಕೆ ಗೆರೆ ಹಾಕಿದ್ದೇನೆ, ಅದನ್ನು ಮಾತ್ರ ಬಿಡಬೇಡಿ. ಮೂರನೇ ಪುಟದಲ್ಲಿ ಮಕ್ಕಳು ಎದ್ದು ಹೋದ ಜಾಗದಲ್ಲಿ ಒಂದು ಪ್ರಶ್ನೆ ಬರೆದಿದ್ದೇನೆ. ನೀವು ಅವ್ವನನ್ನು ಕೇಳಿ, ಅವಳು ಹೇಳಿದಂತೆಯೇ ಬರೆದು ಕಳಿಸಿ: ಅವತ್ತು ಬೇಯಿಸಿದ ಅಷ್ಟೂ ಅನ್ನ ಏನಾಯ್ತು?